ತೊಗಟೆಯ ಉಂಗುರ

ಪೆರಿಯಕುಳಂ ಹತ್ತಿರದ ನಮ್ಮ ಮಾವಿನ ತೋಟದಲ್ಲಿ, ಪಂಪು ಮನೆಯಿಂದ ಮೂರನೆಯ ಮರದ ಪೂರ್ವದ ಮಗ್ಗುಲಿಗೆ ನಾನು ನಿಂತಿದ್ದೆ. ತಮಿಳರ ಪುರಟಾಸಿ ತಿಂಗಳು, ಸೆಪ್ಟೆಂಬರ್ ಕೊನೆ, ಬೆಳಿಗ್ಗೆ ಎಂಟರ ಹೊತ್ತು. ಬಿಸಿಲು ಕಾಂಡದ ಮೇಲೇ ಬೀಳುತ್ತಿತ್ತು. ಸರಿಯಾಗಿ ಕಾಣಲಿಲ್ಲ ಎನ್ನುವಂತಿಲ್ಲ.

ಆ ಮರ ಅತ್ತೆಯದು. ತಾವು ತಿಂದ ಹಣ್ಣಿನ ಓಟೆಯನ್ನು ಹೂತು ಅವರೇ ಬೆಳೆಸಿದ್ದು. ಎಲೆ ದಟ್ಟವಾಗಿತ್ತು, ಕಾಯಿ ಮಾತ್ರ ಒಂದು ವರ್ಷವೂ ಬಿಟ್ಟಿರಲಿಲ್ಲ. ಬರುವ ವರ್ಷವೂ ಬಿಡದಿದ್ದರೆ ಕಡಿದು ಕಸಿ ಗಿಡ ನೆಡುವುದೆಂದು ಅವರ ತಮ್ಮ, ನನ್ನ ಚಿಕ್ಕಪ್ಪ, ಹೇಳಿದ್ದರು. ಕಡಿಯುವ ಮೊದಲು ಮರವನ್ನು ಒಮ್ಮೆ ಕೇಳುವುದು ನಮ್ಮಲ್ಲಿ ವಾಡಿಕೆ. ಒಬ್ಬರು ಕೊಡಲಿ ಎತ್ತಿ ಹೆದರಿಸಬೇಕು, ಇನ್ನೊಬ್ಬರು ಹಿಂದೆ ನಿಂತು ಮರದ ಪರವಾಗಿ ಉತ್ತರ ಕೊಡಬೇಕು.

“ಕಾಯ್ತೀಯಾ, ಇಲ್ಲಾ ಕಡೀಲಾ?” ಎಂದರು ಚಿಕ್ಕಪ್ಪ.

“ಬ್ಯಾಡ ಸಾಮಿ, ಬರೋ ವರ್ಷ ಕಾಯ್ತೀನಿ,” ಎಂದರು ಅತ್ತೆ, ಮರದ ಹಿಂದಿನಿಂದ.

“ಸತ್ಯವಾ?”

“ಏ ತಂಬಿ, ಮರ ಒಂದ್ಸಲ ಹೇಳುದ್ರೆ ಹೇಳ್ದಂಗೇ. ನಿನ್ನಂಗಲ್ಲ.”

ನಾನು ಆಗ ದಿಂಡಿಗಲ್‌ನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೆ. ಕೊಡಲಿಯಿಂದ ಆಗದ್ದು ಚಾಕುವಿನಿಂದ ಆಗುತ್ತದೆ ಎಂದೆ. ಎಲೆಯಲ್ಲಿ ತಯಾರಾದ ಸಕ್ಕರೆ ತೊಗಟೆಯ ಒಳಪದರದಲ್ಲಿ ಬೇರಿಗೆ ಇಳಿಯುತ್ತದೆ. ತೊಗಟೆಯನ್ನು ಸುತ್ತಲೂ ಉಂಗುರದಂತೆ ತೆಗೆದರೆ ಅದು ಮೇಲೇ ನಿಂತು ಹೂ ತರುತ್ತದೆ. ನೀರು ಏರುವುದು ಒಳಗಿನ ಕಟ್ಟಿಗೆಯಲ್ಲಿ, ಹಾಗಾಗಿ ಎಲೆ ಬಾಡುವುದಿಲ್ಲ. ಕೆಲವು ತಿಂಗಳಲ್ಲಿ ಗಾಯ ಕೂಡಿಕೊಳ್ಳುತ್ತದೆ. ಮೊದಲು ಒಂದು ಕೊಂಬೆಗೆ ಮಾಡಿ ನೋಡಬೇಕಿತ್ತು. ನಾನು ಕಾಂಡಕ್ಕೇ ಮಾಡಲು ಹೇಳಿದೆ.

ಚಿಕ್ಕಪ್ಪ ಕಿರುಬೆರಳ ಅಗಲಕ್ಕೆ ತೊಗಟೆ ಬಿಡಿಸಿದರು. ಕೆಳಗೆ ಒದ್ದೆಯಾದ, ಜಾರುವ ತೆಳು ಪದರವೊಂದು ಉಳಿದಿತ್ತು. ಕೊಳೆತೀತೆಂದು ನಾನೇ ಚಾಕು ತೆಗೆದುಕೊಂಡು ಅದನ್ನು ಕೆರೆದೆ. ಬಟ್ಟೆಯಿಂದ ಒಣಗುವಷ್ಟು ಉಜ್ಜಿದೆ. ಅತ್ತೆ ಈಚೆ ಬಂದು ನೋಡುತ್ತಿದ್ದರು.

“ಅಷ್ಟು ಒರಸ್ಬ್ಯಾಡ ಮಗಾ. ಪಾವಂ ಅದು.”

ಗಾಯ ಕೂಡಿಸುವ ಜೀವಕೋಶಗಳು ಇರುವುದು ಆ ಪದರದಲ್ಲೇ. ಅದರ ಚಿತ್ರವನ್ನು ಪರೀಕ್ಷೆಯಲ್ಲಿ ಬಿಡಿಸಿದ್ದೆ. ಕೈಗೆ ತಗುಲಿದಾಗ ಗುರುತು ಹಿಡಿಯಲಿಲ್ಲ.

ಸಂಕ್ರಾಂತಿ ಕಳೆದು, ತೈ ತಿಂಗಳಲ್ಲಿ ಎಲೆ ಕಾಣದಷ್ಟು ಹೂ ಬಂತು. ಚಿಕ್ಕಪ್ಪ ಕೊಡಲಿಯನ್ನು ಹೊಗಳಿದರು, ಅತ್ತೆ ನನ್ನನ್ನು. ಬೇಸಿಗೆಯಲ್ಲಿ ಅವರು ಬೀದಿಗೆಲ್ಲ ಹಣ್ಣು ಹಂಚಿದರು. ಉಂಗುರದ ಮೇಲಂಚು ದಪ್ಪಗೆ ಊದಿಕೊಂಡಿತ್ತು. ಕೆಳಗಿನ ಅಂಚನ್ನು ಅದು ಮುಟ್ಟಲೇ ಇಲ್ಲ. ಮರುವರ್ಷ ಮರ ತುದಿಯಿಂದ ಒಣಗುತ್ತ ಬಂತು. ಅಗೆದು ನೋಡಿದಾಗ ಬೇರು ಹಸಿದು ಸತ್ತಿತ್ತು.

ಕಡಿಯುವ ದಿನ ಚಿಕ್ಕಪ್ಪ ಏನನ್ನೂ ಕೇಳಲಿಲ್ಲ, ಅತ್ತೆ ಮರದ ಹಿಂದೆ ನಿಲ್ಲಲಿಲ್ಲ. ಕಾಂಡಕ್ಕೆ ಹುಳ ಬಿದ್ದಿರಬೇಕು ಎಂದರು ಚಿಕ್ಕಪ್ಪ. ನಾನು ಹೌದೆಂದೆ.

ಚಿಕ್ಕಪ್ಪ ಈಗಿಲ್ಲ. ನಾನು ಕೆರೆದದ್ದನ್ನು ಕಂಡವರಲ್ಲಿ ಉಳಿದಿರುವುದು ಅತ್ತೆ ಒಬ್ಬರೇ. ನಾನು ಹೌದೆಂದಾಗಲೂ ಅವರು ಅಲ್ಲೇ ಇದ್ದರು.