ಗೋಣಿಗೆ ಸ್ನಾನ ಮಾಡಿಸುವ ದೊಡ್ಡಮ್ಮ

ಬೀದಿಪಾಲಾದ ನಾಯಿಗಳನ್ನು ತಂದು ಸಾಕುವ ಆ ಆಶ್ರಯದ ಹಿಂಬದಿಯಲ್ಲಿ ಒಂದು ಸ್ನಾನದ ಕೋಣೆಯಿದೆ. ಸೊಂಟದೆತ್ತರದ ಸಿಮೆಂಟ್ ಕಟ್ಟೆ, ಗೋಡೆಗೆ ಸಿಕ್ಕಿಸಿದ ರಬ್ಬರ್ ಪೈಪು, ಮೂಲೆಯಲ್ಲಿ ಹಳೆಯ ಟವೆಲ್‌ಗಳ ಗುಡ್ಡೆ. ಹನ್ನೊಂದು ವರ್ಷಗಳಿಂದ ಆ ಕೋಣೆ ನಾಯಿಗಳಿಗೆ ಸ್ನಾನ ಮಾಡಿಸುವ ಅವಳದು. ವಯಸ್ಸು ನಲವತ್ತೇಳು. ಮದುವೆಯ ಗೋಜಿಗೆ ಹೋದವಳಲ್ಲ. ಯಾರಾದರೂ ಆ ಮಾತೆತ್ತಿದರೆ, "ದಿನಕ್ಕೆ ಹತ್ತು ಜನರ ಬೆನ್ನು ಉಜ್ತೀನಿ, ಮನೆಗೆ ಹೋಗಿ ಹನ್ನೊಂದನೆಯದು ಬೇರೆಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ ಎಂದು ಅಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಎಂಟು ತಿಂಗಳ ಹಿಂದಿನ ಮಾತು.

ಅಲ್ಲಿದ್ದ ನಾಯಿಗಳಲ್ಲಿ ಗೋಣಿಯ ದರ್ಜೆಯೇ ಬೇರೆ. ಕಾಲುವೆಯ ಪಕ್ಕ, ಬಾಯಿ ಕಟ್ಟಿದ ಗೋಣಿಚೀಲದೊಳಗೆ ಸಿಕ್ಕಿದ್ದರಿಂದ ಆ ಹೆಸರು. ಕಂದು ಬಣ್ಣದ ಹೆಣ್ಣುನಾಯಿ, ಎಡಗಿವಿ ಅರ್ಧ ಇಲ್ಲ. ಬಂದ ಹೊಸತರಲ್ಲಿ ಪೊರಕೆ ಕಂಡರೂ ನಿಂತಲ್ಲೇ ಉಚ್ಚೆ ಹೊಯ್ಯುತ್ತಿತ್ತು. ಒಂದೂವರೆ ವರ್ಷ ಅದನ್ನು ಪಳಗಿಸಿದರು. ಹಿಂದಿನಿಂದ ತಟ್ಟೆ ಬೀಳಿಸಿ, ಬಾಲ ಎಳೆದು, ಮೂತಿಯ ಮುಂದೆ ಗಾಲಿಕುರ್ಚಿ ಓಡಿಸಿ ನೋಡಿ, ಇನ್ನು ಯಾವುದಕ್ಕೂ ಬೆಚ್ಚುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮಕ್ಕಳ ಚಿಕಿತ್ಸಾ ಕೇಂದ್ರಕ್ಕೆ ಕಳಿಸತೊಡಗಿದರು. ಬೆಂಕಿ ಕಂಡ ಮಕ್ಕಳು, ಹೊಡೆತ ತಿಂದ ಮಕ್ಕಳು, ಕಣ್ಣೆದುರೇ ಯಾರನ್ನೋ ಕಳೆದುಕೊಂಡ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಗೋಣಿ ಹೋಗಿ ಅವರ ಚಾಪೆಯ ಅಂಚಿನಲ್ಲಿ ಮಲಗುತ್ತಿತ್ತು. ಮುಟ್ಟಿದರೆ ಸರಿ, ಮುಟ್ಟದಿದ್ದರೂ ಸರಿ. ಏನಾಯಿತು ಎಂದು ಕೇಳದ ಜೀವ ಆ ಕೋಣೆಯಲ್ಲಿ ಅದೊಂದೇ. ಒಬ್ಬ ಹುಡುಗ ಮೂರು ವಾರ ಅದರ ಕಾಲುಗುರುಗಳನ್ನು ಎಣಿಸಿದನಂತೆ, ನಾಲ್ಕನೆಯ ವಾರ ತಾನಾಗಿಯೇ ಊಟ ಮಾಡಿದನಂತೆ. ಇಂಥವನ್ನೆಲ್ಲ ವ್ಯಾನಿನ ಡ್ರೈವರ್ ಬಂದು ಹೇಳುತ್ತಿದ್ದ.

ಮಂಗಳವಾರ, ಶುಕ್ರವಾರ ಮಧ್ಯಾಹ್ನ ವ್ಯಾನು ಬರುವುದರೊಳಗೆ ಗೋಣಿ ತಯಾರಿರಬೇಕು. ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಬೇಕು, ಕಿವಿಗೆ ಹತ್ತಿ ಇಡಬೇಕು, ವಾಸನೆಯಿಲ್ಲದ ಸೋಪು ಹಚ್ಚಬೇಕು, ಉಗುರು ಕತ್ತರಿಸಿ ತುದಿ ಉಜ್ಜಬೇಕು. ಡ್ರೈವರ್ ಬಾಗಿಲಿಗೆ ಒರಗಿ ನಿಂತು, "ಅಕ್ಕಾ, ನನ್ನನ್ನೂ ಯಾರಾದ್ರೂ ಹೀಗೆ ತೊಳೆದಿದ್ರೆ ನಾನೂ ಮನುಷ್ಯ ಆಗ್ತಿದ್ದೆ" ಎನ್ನುತ್ತಿದ್ದ.

"ನಿನ್ನನ್ನ ಹತ್ತು ಸಲ ತೊಳೆದ್ರೂ ನೀರೇ ಕೊಳೆಯಾಗೋದು" ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಎಂಟು ತಿಂಗಳ ಹಿಂದೆ ಅವಳ ತಂಗಿ ಬಾಡಿಗೆಗಿದ್ದ ಮೂರಂತಸ್ತಿನ ಕಟ್ಟಡ ಬೆಳಿಗ್ಗೆ ಏಳು ಗಂಟೆಗೆ ಕುಸಿಯಿತು. ತಂಗಿಯ ಗಂಡ ಮೆಟ್ಟಿಲಲ್ಲೇ ಹೋದ. ತಂಗಿಯನ್ನು ಸಂಜೆ ಹೊರತೆಗೆದರು, ಉಸಿರಿರಲಿಲ್ಲ. ಅವಳ ಪಕ್ಕದಲ್ಲೇ ಮೇಜಿನಡಿಯಲ್ಲಿ ಏಳು ವರ್ಷದ ಮಗಳು ಮೈಯೆಲ್ಲ ಧೂಳು ಮೆತ್ತಿ ಬೂದು ಬಣ್ಣವಾಗಿ, ಕಣ್ಣು ಬಿಟ್ಟುಕೊಂಡು ಕೂತಿದ್ದಳು. ಮೊಣಕೈ ತರಚಿದ್ದು ಬಿಟ್ಟರೆ ಒಂದು ಗಾಯವಿಲ್ಲ.

ಹುಟ್ಟಿದಾಗ ಅಂಗೈಯಗಲವಿದ್ದ ಆ ಹುಡುಗಿಗೆ ತಾಯಿಯೇ ಬಟಾಣಿ ಎಂದು ಹೆಸರಿಟ್ಟಿದ್ದಳು. ಈಗ ಬಟಾಣಿ ದೊಡ್ಡಮ್ಮನ ಮನೆಗೆ ಬಂದಳು.

ದೊಡ್ಡಮ್ಮ ಎರಡು ಹೆಣ ಗುರುತಿಸಿದಳು, ತೋರಿಸಿದ ಕಡೆಯೆಲ್ಲ ಸಹಿ ಮಾಡಿದಳು, ನಾಲ್ಕನೆಯ ದಿನ ಕೆಲಸಕ್ಕೆ ಹೋಗಿ ಆರು ನಾಯಿ ತೊಳೆದಳು. ಅಳು ಬರಲಿಲ್ಲ. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಕಾದು, ಆಮೇಲೆ ಕಾಯುವುದನ್ನೂ ಬಿಟ್ಟಳು. ಊಟ ಗಂಟಲಲ್ಲಿ ಇಳಿಯುತ್ತಿತ್ತು, ನಿದ್ದೆ ಬರುತ್ತಿತ್ತು. ಯಾರೋ ಬಂದು ಒಳಗಿನ ಸಾಮಾನೆಲ್ಲ ಸಾಗಿಸಿ, ಬಾಗಿಲು ಮಾತ್ರ ಎಂದಿನಂತೆ ಹಾಕಿ ಹೋದ ಹಾಗಿತ್ತು. ಡ್ರೈವರ್ ತಮಾಷೆ ಮಾಡಿದರೆ "ಹೂಂ" ಎನ್ನುತ್ತಿದ್ದಳು. ಕೆಲವು ವಾರ ನೋಡಿ ಅವನೂ ತಮಾಷೆ ನಿಲ್ಲಿಸಿದ.

ಬಟಾಣಿ ಮಾತಾಡುತ್ತಿರಲಿಲ್ಲ. ಕರೆದರೆ ಬರುವಳು, ಬಡಿಸಿದರೆ ತಿನ್ನುವಳು, ತುಟಿ ಮಾತ್ರ ಹೊಲಿದ ಹಾಗೆ. ಡಾಕ್ಟರು ಗಂಟಲು ನೋಡಿ ಎಲ್ಲ ಸರಿಯಿದೆ ಎಂದರು, ಕೇಂದ್ರಕ್ಕೆ ಚೀಟಿ ಬರೆದುಕೊಟ್ಟರು. ಆ ಚೀಟಿ ಕನ್ನಡಿಯ ಹಿಂದೆ ಸೇರಿತು. ವಾರಕ್ಕೆರಡು ಸಲ ಊರ ಮಕ್ಕಳಿಗೆಲ್ಲ ನಾಯಿ ತಯಾರು ಮಾಡಿ ಕಳಿಸುವವಳಿಗೆ ತನ್ನ ಮನೆಯ ಮಗುವೂ ಅದೇ ಸಾಲಿನದು ಎಂದು ಹೊಳೆಯಲೇ ಇಲ್ಲ. ಇಬ್ಬರೂ ಗದ್ದಲವಿಲ್ಲದೆ ಇದ್ದರು. ಆ ನಿಶ್ಶಬ್ದ ಅವಳಿಗೆ ಒಗ್ಗಿಹೋಗಿತ್ತು ಎಂದರೂ ತಪ್ಪಲ್ಲ.

ಒಂದು ಶುಕ್ರವಾರ ಶಾಲೆಗೆ ರಜೆ. ಹಗಲು ಹುಡುಗಿಯನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಜ್ವರ ಬಂದು ಮಲಗಿದ್ದಳು. ವಿಧಿಯಿಲ್ಲದೆ ದೊಡ್ಡಮ್ಮ ಬಟಾಣಿಯನ್ನು ಕೆಲಸಕ್ಕೆ ಕರೆದುಕೊಂಡು ಹೋಗಿ, ಸ್ನಾನದ ಕೋಣೆಯಲ್ಲಿ ಒಂದು ಬಕೆಟ್ ಬೋರಲು ಹಾಕಿ ಕೂರಿಸಿದಳು. "ಅಲ್ಲೇ ಕೂತಿರು. ನೀರು ಸಿಡಿದ್ರೆ ಹಿಂದೆ ಸರಿ."

ಗೋಣಿ ಕಟ್ಟೆ ಹತ್ತುವ ಮೊದಲು ಹುಡುಗಿಯ ಪಾದವನ್ನೊಮ್ಮೆ ಮೂಸಿತು. ಬಟಾಣಿ ಕಾಲು ಎಳೆದುಕೊಳ್ಳಲಿಲ್ಲ. ಸ್ನಾನ ಮುಗಿಯಿತು. ಕೂದಲು ಒಣಗಿಸುವ ಗಾಳಿ ಯಂತ್ರವನ್ನು ದೊಡ್ಡಮ್ಮ ಹಾಕಿದಳು. ಗೋಣಿ ಕೂದಲು ಉದುರಿಸುವ ಕಾಲವದು. ಉದುರಿದ್ದೆಲ್ಲ ಕಿಟಕಿಯ ಬೆಳಕಿನಲ್ಲಿ ಮೇಲೆದ್ದು ಕೋಣೆ ಮಂಜಾಯಿತು. ಗೋಣಿ ಸುಖಕ್ಕೆ ಬಾಯಿ ತೆರೆದು ನಾಲಿಗೆ ಚಾಚಿತು.

ಬಟಾಣಿ ದಡಕ್ಕನೆ ಎದ್ದು ಬಂದು ಎರಡೂ ಕೈಯಿಂದ ಅದರ ಮೂತಿ ಮುಚ್ಚಿ ಹಿಡಿದಳು.

"ಬಾಯಿ ತೆಗೀಬೇಡ" ಎಂದಳು. ತುಕ್ಕು ಹಿಡಿದ ಬಾಗಿಲು ಸರಿದಂಥ ದನಿ. "ಮಾತಾಡ್ಬೇಡ. ಧೂಳು ಒಳಗೆ ಹೋಗುತ್ತೆ. ಅಮ್ಮ ಹೇಳೋ ತನಕ ಮಾತಾಡ್ಬಾರ್ದು."

ಗೋಣಿ ಕೊಸರಾಡಲಿಲ್ಲ. ಮೂತಿಯನ್ನು ಆ ಪುಟ್ಟ ಕೈಗಳಿಗೆ ಬಿಟ್ಟುಕೊಟ್ಟು ಅಲುಗಾಡದೆ ನಿಂತಿತು.

ದೊಡ್ಡಮ್ಮನ ಕೈಯಲ್ಲಿ ಯಂತ್ರ ಓಡುತ್ತಲೇ ಇತ್ತು. ಅವಳಿಗೆ ಎಲ್ಲವೂ ಅರ್ಥವಾಯಿತು, ಯಾರೋ ಪಕ್ಕದ ಮನೆಯ ವಿಷಯ ಹೇಳಿದಷ್ಟು ಸ್ಪಷ್ಟವಾಗಿ. ಕುಸಿದ ಮೇಲೂ ತಂಗಿ ಬದುಕಿದ್ದಳು. ಮಗಳಿಗೆ ಬುದ್ಧಿ ಹೇಳುವಷ್ಟು ಹೊತ್ತು ಬದುಕಿದ್ದಳು. ಮಗಳು ಎಂಟು ತಿಂಗಳಿಂದ ಆ ಮಾತನ್ನು ಪಾಲಿಸುತ್ತಿದ್ದಾಳೆ. ಅಳಬೇಕಾದ ಹೊತ್ತು ಇದೇ ಎಂದು ಅವಳಿಗೆ ಗೊತ್ತಿತ್ತು. ಏನೂ ಬರಲಿಲ್ಲ. ಯಂತ್ರ ಆರಿಸಿ, ಗೋಣಿಯ ಕಿವಿಯಿಂದ ಹತ್ತಿ ತೆಗೆದಳು.

ವ್ಯಾನು ಬಂದಾಗ, "ನಾವೂ ಬರ್ತೀವಿ" ಎಂದಷ್ಟೇ ಹೇಳಿದಳು. ಡ್ರೈವರ್ ಮುಂದಿನ ಸೀಟು ಖಾಲಿ ಮಾಡಿದ.

ಕೇಂದ್ರದಲ್ಲಿ ಮಕ್ಕಳನ್ನು ನೋಡುವ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಬಟಾಣಿ ಚಾಪೆಯ ಮೇಲೆ ಗೋಣಿಯ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಳು.

"ಅವಳು ಅಪ್ಪಣೆಗೆ ಕಾಯ್ತಿದ್ದಾಳೆ" ಎಂದರು ಮೇಡಂ. "ಯಾರಾದ್ರೂ ಕೊಡಬೇಕು. ನಾನು ಕೊಟ್ರೆ ನಡೆಯಲ್ಲ."

"ನಾನು ಅವಳಮ್ಮ ಅಲ್ವಲ್ಲ."

"ಅಮ್ಮನ ಅಕ್ಕ. ಅಮ್ಮನಿಗೇ ಬುದ್ಧಿ ಹೇಳಿದೋರು ನೀವು."

ದೊಡ್ಡಮ್ಮ ಚಾಪೆಯ ಮೇಲೆ ಕೂತಳು. ಹುಡುಗಿಗೆ ನೇರವಾಗಿ ಹೇಳಲು ನಾಲಿಗೆ ಏಳಲಿಲ್ಲ. ನಾಯಿಯ ತುಂಡುಗಿವಿಯನ್ನು ಸವರುತ್ತ, ಅದಕ್ಕೇ ಹೇಳಿದಳು: "ಗೋಣಿ, ಧೂಳೆಲ್ಲ ಇಳಿದುಹೋಯ್ತು ಕಣೇ. ಹೊರಗೆ ಬಂದು ಬಹಳ ದಿನ ಆಯ್ತು. ನಿಮ್ಮಮ್ಮನಿಗೆ ಬಂದು ಹೇಳೋಕೆ ಆಗ್ಲಿಲ್ಲ. ಅವಳು ಹೇಳಬೇಕಿದ್ದಿದ್ದನ್ನ ನಾನು ಹೇಳ್ತಿದ್ದೀನಿ. ಇನ್ನು ಬಾಯಿ ಬಿಡಬಹುದು."

ಗೋಣಿ ಕಣ್ಣು ಮುಚ್ಚಿ ನಿದ್ದೆ ಹೋಯಿತು. ಬಟಾಣಿ ಏನೂ ಹೇಳಲಿಲ್ಲ. ಅಲ್ಲಿ ಒಂದು ಸಲಕ್ಕೆ ಕೊಡುವ ನಲವತ್ತು ನಿಮಿಷ ಮುಗಿಯಿತು.

ಮಂಗಳವಾರ ಮತ್ತೆ ಹೋದರು, ಶುಕ್ರವಾರವೂ ಹೋದರು. ಹುಡುಗಿ ಗೋಣಿಯ ಕಿವಿಗೆ ಬಾಯಿಟ್ಟು ಏನೇನೋ ಪಿಸುಗುಟ್ಟುತ್ತಿದ್ದಳು. ನಾಯಿಗೆ ಹೇಳಿದ್ದನ್ನು ದೊಡ್ಡವರು ಕೇಳಬಾರದು ಎಂಬುದು ಅಲ್ಲಿನ ನಿಯಮ. ದೊಡ್ಡಮ್ಮ ಕೇಳಲಿಲ್ಲ. ನಡುವೆ ಒಂದು ದಿನ ಅವಳು ಸುಮ್ಮನೆ ಕೂತಿದ್ದಾಗ ಗೋಣಿ ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟಿತು. ಬೆಚ್ಚಗಿತ್ತು, ಭಾರವಾಗಿತ್ತು. ಅಷ್ಟೇ ಅವಳಿಗೆ ತಿಳಿದದ್ದು. "ನಿಮಗೂ ಬೇಕಿದ್ರೆ ಒಂದು ಸಮಯ ಕೊಡ್ತೀನಿ" ಎಂದರು ಮೇಡಂ. "ನೋಡೋಣ" ಎಂದಳು. ಇದುವರೆಗೂ ಹೋಗಿಲ್ಲ.

ಮೂರನೆಯ ವಾರ, ಬೆಳಿಗ್ಗೆ ಶಾಲೆಗೆ ಜಡೆ ಹಾಕುತ್ತಿದ್ದಾಗ ಬಟಾಣಿ ಕನ್ನಡಿ ನೋಡುತ್ತ ಹೇಳಿದಳು: "ದೊಡ್ಡಮ್ಮ, ನೀನು ಗೊರಕೆ ಹೊಡೀತೀಯ."

ಬಾಚಣಿಗೆ ನಿಂತಿತು. "ಯಾರು, ನಾನಾ?"

"ಹೂಂ. ಲಾರಿ ಥರ."

"ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?" ಎಂದುಬಿಟ್ಟಳು ದೊಡ್ಡಮ್ಮ. ಆಡಿದ್ದೇನೆಂದು ತಿಳಿದದ್ದು ಆಮೇಲೆ. ಹುಡುಗಿ ಭುಜ ಕುಣಿಸಿದಳು. ಜಡೆಯ ಎಡಬದಿ ಸಡಿಲವಾಗಿತ್ತು. ದೊಡ್ಡಮ್ಮ ಅದನ್ನು ಪೂರ್ತಿ ಬಿಚ್ಚಿ, ಮೊದಲಿನಿಂದ ಮತ್ತೆ ಹೆಣೆಯತೊಡಗಿದಳು.