ಭಂಡಾರದ ಆಣೆ

ನಮ್ಮ ಬನಹಟ್ಟಿಯಲ್ಲಿ ಸೊಂಟದ ಕೆಳಗೆ ಏನೇ ಆದರೂ ಅದಕ್ಕೆ ಒಂದೇ ಹೆಸರು: ಉಷ್ಣ. ಮೂತ್ರ ಉರಿದರೆ ಉಷ್ಣ, ಹುಣ್ಣಾದರೂ ಉಷ್ಣ. ದಿನವಿಡೀ ಪವರ್‌ಲೂಮಿನ ಮುಂದೆ ನಿಂತು ಬೇಯುವವರಿಗೆ ಆ ಮಾತಿನ ಮೇಲೆ ಅನುಮಾನವೇ ಬರುವುದಿಲ್ಲ. ಎಂಟು ತಿಂಗಳು ನಾನೂ ಹೇಡಿಯ ಹಾಗೆ ಅದರ ಹಿಂದೆ ಅಡಗಿ ಕುಳಿತೆ.

ನನಗೆ ಎಚ್‌ಐವಿ ಇತ್ತು. ನನ್ನಿಂದ ಹೆಂಡತಿಗೂ ಬಂದಿತ್ತು. ತಿಂಗಳಿಗೊಮ್ಮೆ ಇಬ್ಬರೂ ಜಮಖಂಡಿಗೆ ಹೋಗಿ ಗುಳಿಗೆ ತರುತ್ತಿದ್ದೆವು. ಓಣಿಯವರಿಗೆ ಸಂತೆಗೆ ಎನ್ನುತ್ತಿದ್ದೆವು. ಎರಡು ವರ್ಷದ ಹಿಂದೆ ರೋಗ ಗೊತ್ತಾದ ದಿನವೇ ನಾನು ಬೀರೇಶ್ವರನ ಭಂಡಾರ, ಆ ಅರಿಸಿನ ಪುಡಿ, ಅವಳ ಕೈಗಿಟ್ಟು ಆಣೆ ಮಾಡಿಸಿದ್ದೆ: ಯಾರ ಮುಂದೆಯೂ ಈ ವಿಷಯದ ಬಗ್ಗೆ ಬಾಯಿ ಬಿಡಬಾರದು. ನಾನು ಮಾತ್ರ ಆಣೆ ಮಾಡಲಿಲ್ಲ. ಅವಳು ಕೇಳಲೂ ಇಲ್ಲ.

ಉರಿ ಶುರುವಾದ ಮೇಲೆ ಕಾಲು ಗಂಟೆಗೊಮ್ಮೆ ಮಗ್ಗ ಬಿಟ್ಟು ಹೊರಗೆ ಓಡುವ ಹಾಗಾಯಿತು. ಬಾಜು ಮಗ್ಗದ ಗೆಳೆಯ ತನ್ನ ಎರಡು ಮಗ್ಗಗಳ ಜೊತೆ ನನ್ನ ಎರಡನ್ನೂ ನೋಡಿಕೊಳ್ಳುತ್ತಿದ್ದ.

“ಎಷ್ಟ ಸಲ ಹೊಕ್ಕಿಯೋ ಮಾರಾಯ! ಹೊರಗ ಬಾವಿ ತೋಡಾಕತ್ತೀಯೇನ?”

“ಉಷ್ಣ ಆಗೇತಿ ಲೇ.”

ಮರುದಿನ ಅವನೇ ತಂಪಾಗಲೆಂದು ಸಬ್ಜಾ ಬೀಜ ನೆನೆಸಿ ತಂದುಕೊಟ್ಟ. ಕುಡಿದೆ. ಆಮೇಲೆ, ಹೊರಗೆ ಓಡುವುದು ತಪ್ಪಲೆಂದು ನೀರು ಕುಡಿಯುವುದನ್ನೇ ಬಿಟ್ಟೆ. ಗುಳಿಗೆ ಕೊಡುವ ಡಾಕ್ಟರಿಗಾದರೂ ಹೇಳಬಹುದಿತ್ತು. ಲುಂಗಿ ಬಿಚ್ಚು ಎಂದರೆ? ಯಾರ ಹತ್ತಿರ ಹೋಗಿದ್ದೆ ಎಂದು ಕೇಳಿದರೆ? ನಾಚಿಕೆ ನನ್ನ ಕೈಕಾಲು ಕಟ್ಟಿಹಾಕಿತ್ತು. ಮುಧೋಳಕ್ಕೆ ಹೋಗಿ ಗುರುತಿಲ್ಲದ ಡಾಕ್ಟರಿಗೆ ತೋರಿಸಿದೆ. ಬೇರೆ ಕಾಯಿಲೆ ಇದೆಯೇ ಎಂದರು. ಏನಿಲ್ರಿ ಎಂದೆ. ಅವರು ಕೊಟ್ಟ ಔಷಧ ನಾಟಲಿಲ್ಲ.

ಒಂದು ಮಧ್ಯಾಹ್ನ ಮೂತ್ರ ನಿಂತೇಹೋಯಿತು. ಕಿಬ್ಬೊಟ್ಟೆ ಕಲ್ಲಿನಂತೆ ಬಿಗಿದಿತ್ತು. ಗೆಳೆಯ ನನ್ನನ್ನೂ ಹೆಂಡತಿಯನ್ನೂ ಆಟೋದಲ್ಲಿ ಹಾಕಿಕೊಂಡು ಜಮಖಂಡಿಗೆ ತಂದ. ಅಂಥ ಹೊತ್ತಿನಲ್ಲೂ ನಾನು ಹಠ ಹಿಡಿದು, ಗುಳಿಗೆ ಕೊಡುವ ದವಾಖಾನೆ ಬಿಟ್ಟು ಬೇರೊಂದಕ್ಕೆ ಆಟೋ ತಿರುಗಿಸುವಂತೆ ಮಾಡಿದೆ.

“ದಿನಾ ಯಾವುದಾರ ಗುಳಗಿ ತಗೋತೀರೇನು?” ಅಲ್ಲಿನ ಡಾಕ್ಟರಮ್ಮ ಕೇಳಿದರು. ಗೆಳೆಯ ನನ್ನ ಭುಜ ಹಿಡಿದು ನಿಂತಿದ್ದ.

“ಇಲ್ರಿ,” ಎಂದೆ. ಹೆಂಡತಿಯತ್ತ ಕಣ್ಣು ಕೆಕ್ಕರಿಸಿದೆ.

ಅವಳು ನನ್ನ ಕಡೆ ನೋಡಲೇ ಇಲ್ಲ. “ತಗೋತಾರ್ರಿ. ಇಬ್ರೂ ತಗೋತೀವಿ. ಎಚ್‌ಐವಿ ಐತ್ರಿ.”

ಭುಜದ ಮೇಲಿನ ಕೈ ಸಡಿಲಿತು. ಗೆಳೆಯ ಹೊರಗೆ ಹೋದ.

ಸಣ್ಣ ಕೊಳವೆ ಹಾಕಿ ಮೂತ್ರ ತೆಗೆದರು. ಅಬ್ಬಾ, ಹೋದ ಜೀವ ಬಂದಂತಾಯಿತು! ಹಳೆಯ ಸೋಂಕಿನಿಂದ ಮೂತ್ರದ ದಾರಿಯೇ ಕಿರಿದಾಗಿದೆ, ಮೊದಲೇ ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ಬೈದರು. ನನ್ನ ಸಿಟ್ಟೆಲ್ಲ ಹೆಂಡತಿಯ ಮೇಲಿತ್ತು. “ಭಂಡಾರ ಮುಟ್ಟಿ ಆಣಿ ಮಾಡಿದ್ದಿಲ್ಲೇನ ನೀ?” ಎಂದು ಹಲ್ಲು ಕಡಿದೆ.

ಡಾಕ್ಟರಮ್ಮ ಅವಳ ಕಡೆ ತಿರುಗಿದರು. “ನಿಮಗ ಕೆಳಗ ಏನರ ತ್ರಾಸ ಐತೇನವಾ?”

ಅವಳು ಸೆರಗನ್ನು ಬಾಯಿಗೆ ಹಿಡಿದಳು. “ಹುಣ್ಣಾಗ್ಯಾವ್ರಿ. ಒಂದ ವರ್ಸಾತು.”

ಒಂದು ವರ್ಷ! ನನಗಿಂತ ಮೊದಲು. ಒಂದೇ ಹಾಸಿಗೆಯಲ್ಲಿ ಮಲಗುವ ನನಗೆ ಗೊತ್ತೇ ಇರಲಿಲ್ಲ. “ಯಾಕ ಹೇಳಲಿಲ್ಲ?” ಎಂದೆ.

“ಈ ರೋಗದ್ದು ಯಾರ ಮುಂದೂ ಅನ್ನಂಗಿಲ್ಲ ಅಂತ ಆಣಿ ಮಾಡಿದ್ದೆನಲ್ಲ, ನಿಮ್ಮ ಮುಂದ ಹೆಂಗ ಹೇಳ್ಲಿ?” ಎಂದಳು. “ಇವತ್ತ ನೀವು ಸಾಯಾಕತ್ತಿದ್ರಿ, ಅದಕ್ಕ ಮುರದೆ. ನನಗೇನ, ಬರೇ ಉರಿ ಇತ್ತು.”

ಡಾಕ್ಟರಮ್ಮ ಅವಳನ್ನು ಪರದೆಯ ಆಚೆ ಕರೆದೊಯ್ದರು. ನಾನು ಕೊಳವೆ ಹಾಕಿಸಿಕೊಂಡು ಏಳಲಾರದೆ ಬಿದ್ದಿದ್ದೆ. ಆಚೆಯಿಂದ ಅವಳು “ಯವ್ವಾ” ಎಂದು ನರಳಿದ್ದು ಕೇಳಿಸಿತು. ಆ ದನಿಯನ್ನು ಅವಳು ಒಂದು ವರ್ಷ ನನ್ನ ಪಕ್ಕದಲ್ಲೇ ನುಂಗಿಕೊಂಡು ಮಲಗಿದ್ದಳು.