ಎರೆಭೂತದ ತತ್ತಿ

ಶಾಲೆಯ ಗೋಡೆಗೆ ಚಾರ್ಟು ಬರೆಯುವ ಕೆಲಸ ಯಾವಾಗಲೂ ನನ್ನ ಕೊರಳಿಗೇ ಬೀಳುತ್ತದೆ. ಅಕ್ಷರ ದುಂಡಗಿರುವುದೇ ನಾನು ಮಾಡಿದ ತಪ್ಪು. ಈ ಸಲದ ವಿಷಯ, ಜಗತ್ತಿನಿಂದ ಅಳಿದುಹೋದ ಜೀವಿಗಳು. ಶನಿವಾರ ಜವಳಗೇರಾದಿಂದ ಹೊರಟು, ಸಿಂಧನೂರಿನಲ್ಲಿ ಬಸ್ಸು ಬದಲಿಸಿ, ಚಾರ್ಟಿನ ಸುರುಳಿಯನ್ನು ಜನರ ಮೊಣಕೈಗಳಿಂದ ಕಾಯ್ದುಕೊಂಡು ವಳಕಮದಿನ್ನಿಯ ಮನೆಗೆ ತಂದೆ. ಮರುದಿನ ಬೆಳಗ್ಗೆ ಪಡಸಾಲೆಯಲ್ಲಿ ಹಾಸಿ ಕುಳಿತೆ.

ಓದಲು ಬಾರದ ಅಪ್ಪ ಗೋಡೆಗೆ ಒರಗಿ ಒಂದೊಂದನ್ನೇ ಕೇಳುತ್ತಿದ್ದ. ಮಾರಿಷಸ್ಸಿನ ಡೋಡೊ ಹಕ್ಕಿಯ ಚಿತ್ರ ಕಂಡು ನಕ್ಕ. ಸೇಂಟ್ ಹೆಲೆನಾ ದ್ವೀಪದ ಆಲಿವ್ ಮರದ ಹತ್ತಿರ ಬಂದಾಗ ನಗು ನಿಂತಿತು.

"ಗಿಡಾನೂ ಸಾಯ್ತಾವೇನವ್ವ, ಒಂದೂ ಉಳಿಲಾರ್ದಂಗ?"

"ಸಾಯ್ತಾವು ಯಪ್ಪಾ."

ಆಮೇಲೆ ದೊಡ್ಡ ಆಕ್ ಎಂಬ ಕಡಲಹಕ್ಕಿ. ಐಸ್‌ಲ್ಯಾಂಡಿನ ಬಳಿಯ ಬಂಡೆಯೊಂದರ ಮೇಲೆ ಕೊನೆಯ ಜೋಡಿ ಕಾವು ಕೂತಿತ್ತಂತೆ. ಬೇಟೆಗಾರರು ಎರಡನ್ನೂ ಕೊಂದರಂತೆ, ಇದ್ದ ಒಂದೇ ಮೊಟ್ಟೆ ಕಾಲಡಿ ಒಡೆಯಿತಂತೆ. ಪಾಠ ಒಪ್ಪಿಸುವ ದನಿಯಲ್ಲಿ ಇದನ್ನು ಓದಿ ಹೇಳಿದೆ.

"ನಮ್ಮ ಎರೆಭೂತಾನೂ ಒಂದಾ ತತ್ತಿ ಇಡ್ತಿತ್ತು" ಎಂದ ಅಪ್ಪ.

ಎರೆಭೂತವೆಂದರೆ ಕಪ್ಪು ಮಣ್ಣಿನ ಎರೆಹೊಲದ, ಸೊಂಟದೆತ್ತರದ ಹಕ್ಕಿ. ನಮ್ಮ ಪುಸ್ತಕದಲ್ಲಿ ಅದಕ್ಕೆ ಬಸ್ಟರ್ಡ್ ಎಂದಿದೆ. ನಾವು ಜೋಳ ಬೆಳೆಯುತ್ತಿದ್ದ ಕಾಲದಲ್ಲಿ ಹೊಲದಲ್ಲಿ ಅದರ ತತ್ತಿ ಕಂಡರೆ, ಪಕ್ಕದಲ್ಲಿ ಗೂಟ ಬಡಿದು ಕೆಂಪು ಅರಿವೆ ಕಟ್ಟುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ಕುಂಟಿ ಹೊಡೆಯುವವರು ಅರಿವೆ ನೋಡಿ ಎತ್ತು ಹೊರಳಿಸಿ, ಅಷ್ಟು ನೆಲ ಬಿಟ್ಟು ಹೋಗುತ್ತಿದ್ದರು. ಕಾಲುವೆ ನೀರು ಸಿಕ್ಕು, ಭತ್ತಕ್ಕೆಂದು ಹೊಲ ಸಮ ಮಾಡಿಸುವಾಗಲೂ ಅಪ್ಪ ಹಾಗೆಯೇ ಗೂಟ ಬಡಿದನಂತೆ. ಊಟಕ್ಕೆ ಮನೆಗೆ ಹೋದನಂತೆ.

"ಡೋಜರ್‌ದಾಂವ ಹೊಸಬ. ಅವನ ಕೆಲಸದಾಗ ಕೆಂಪು ಅರಬಿ ಅಂದ್ರ ಇಲ್ಲಿ ದಿಬ್ಬ ಐತಿ, ಕಡಿ ಅಂತ. ಅಲ್ಲೇ ಮೊದಲು ಕಡದಾನ. ನಾ ಬರೂದ್ರಾಗ ಹಕ್ಕಿ ಬದುವಿನ ಮ್ಯಾಲ ನಿಂತಿತ್ತು. ನಾ ಒಂದು ಮಾತು ಹೇಳಿ ಹೋಗಿದ್ರ ಮುಗೀತಿತ್ತವ್ವ."

ಇಷ್ಟು ವರ್ಷ ಆ ಹೊಲದ ಅನ್ನ ಉಂಡ ನನಗೆ ಇದು ಗೊತ್ತೇ ಇರಲಿಲ್ಲ. ಸಮಾಧಾನ ಮಾಡಲು ಹೋಗಿ ಎಡವಟ್ಟು ಮಾಡಿದೆ. ಅದು ಇನ್ನೂ ಪೂರ್ತಿ ಅಳಿದಿಲ್ಲ, ಹೊಳೆಯಾಚೆ ಸಿರುಗುಪ್ಪದ ಕಡೆ ಇದೆಯಂತೆ ಎಂದುಬಿಟ್ಟೆ.

ಅಪ್ಪ ನೆಟ್ಟಗೆ ಕೂತ. "ಒಮ್ಮೆ ತೋರಿಸ್ತೀಯೇನು? ಕಣ್ಣಿಲೆ ನೋಡಿದ್ರ ಸಾಕು ನನಗ."

ನಾನು ಫೋನು ಹಿಡಿದು ಅಂಗಳಕ್ಕೆ ಬಂದೆ. ಸಿರುಗುಪ್ಪದ ಕಡೆ ಅರಣ್ಯ ಕಾವಲು ಕೆಲಸದಲ್ಲಿರುವ ಪರಿಚಯದವರೊಬ್ಬರು ನಿಧಾನವಾಗಿ ಹೇಳಿದರು: "ಈ ವರ್ಷ ಒಂದೂ ಕಂಡಿಲ್ರಿ ಟೀಚರ್. ಹ್ವಾದ ವರ್ಷ ಒಂದು ಹೆಣ್ಣು ಕಂಡಿತ್ತು, ಒಂಟಿ. ಗಂಡು ನೋಡಿ ಬಾಳ ವರ್ಷ ಆತ್ರಿ."

ಒಳಗೆ ಬಂದರೆ ಅಪ್ಪ ಒಗೆದ ಧೋತರ ಉಟ್ಟು, ಹೆಗಲಿಗೆ ಟವಲು ಹಾಕಿ ತಯಾರಾಗಿದ್ದ. ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ದಿನಾ ಬಾಯಿ ಬಡಿದುಕೊಳ್ಳುವ ನಾನು, "ಮುಂದಿನ ಐತವಾರ ಬರ್ರಿ ಅಂದಾರ" ಎಂದೆ. ಮುಂದಿನ ಭಾನುವಾರವೂ ಅದೇ ಹೇಳಿದೆ. ಅದರ ಮುಂದಿನದೂ. ಪ್ರತಿ ಸಲ ಅವನು ಧೋತರ ಬಿಚ್ಚಿ ಮಡಚಿಡುವುದನ್ನು ನೋಡುತ್ತ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಆದರೆ ಏನು ಮಾಡಲಿ? ಇಲ್ಲದ್ದನ್ನು ಎಲ್ಲಿಂದ ತಂದು ತೋರಿಸಲಿ?

ನಾಲ್ಕನೆಯ ಭಾನುವಾರ ತಡೆಯಲಾಗದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಪ್ಪ ಬಯ್ಯಲಿಲ್ಲ. ಬಾಗಿಲಾಚೆ ನೀರು ನಿಂತ ಗದ್ದೆಯ ಕಡೆ ನೋಡುತ್ತ ಕೂತ.

"ಒಂದಾ ಹೆಣ್ಣು ಅಂದಿ" ಎಂದ. "ನಮ್ಮ ಹೊಲದಾಗಿನ ತತ್ತಿ ಗಂಡು ಇತ್ತೋ ಏನೋ."